ಎಡಮಗ್ಗುಲ ಬೇಸಿಗೆ

ಕಳೆದ ವಾರ ಸಹಕಾರನಗರದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಹುಡುಗಿ ನನ್ನ ತೋಳಿಗೆ ಸುತ್ತಲೆಂದು ಬಿಪಿ ಪಟ್ಟಿಯನ್ನು ಚರ್ರೆಂದು ಬಿಡಿಸಿದಳು. ಆಗ ಒಂದು ವಾಸನೆ ಬಂತು. ರಬ್ಬರು, ಹಳೇ ಬಟ್ಟೆ, ಯಾರದೋ ಪೌಡರು, ಯಾರದೋ ಬೆವರು ಎಲ್ಲ ಸೇರಿಕೊಂಡ ವಾಸನೆ. ಪರಿಮಳವೆಂದು ಯಾರೂ ಕರೆಯಲಾರರು. ಆದರೆ ಮೂಗಿಗೆ ಬಿದ್ದದ್ದೇ ತಡ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಹನ್ನೊಂದು ವರ್ಷ ಹಿಂದಕ್ಕೆ, ಕೆಂಪಾಪುರದ ಒಂದು ಎರಡನೇ ಮಹಡಿಗೆ, ಕಿಟಕಿಯ ಪಕ್ಕದ ಮಂಚಕ್ಕೆ ಹೋಗಿ ನಾನು ಎಡಮಗ್ಗುಲಾಗಿ ಮಲಗಿಬಿಟ್ಟಿದ್ದೆ.

"ಆಂಟಿ, ನಿದ್ದೆ ಬಂತಾ?" ಎಂದಳು ಹುಡುಗಿ.

"ಇಲ್ಲಮ್ಮ, ನೀನು ಸುತ್ತು," ಎಂದೆ.

ಆ ವರ್ಷ ನಾನು ಯಲಹಂಕದ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದೆ. ಮದುವೆಯಾಗಿ ಆರು ವರ್ಷವಾಗಿತ್ತು. ಎರಡು ವರ್ಷದ ಹಿಂದೆ ಐದನೇ ತಿಂಗಳಿನಲ್ಲಿ ಒಂದು ಮಗು ಹೊಟ್ಟೆಯಲ್ಲೇ ಹೋಗಿಬಿಟ್ಟಿತ್ತು. ಅದರ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಯಾರೂ ಮರೆತೂ ಇರಲಿಲ್ಲ. ಈಗ ಮತ್ತೆ ಏಳನೇ ತಿಂಗಳು. ಮಾರ್ಚ್ ತಿಂಗಳ ನಡುವಿನಲ್ಲಿ ಡಾಕ್ಟರಮ್ಮ ನನ್ನ ಊದಿದ ಪಾದವನ್ನು ಹೆಬ್ಬೆರಳಿನಿಂದ ಒತ್ತಿ, ಬಿದ್ದ ಗುಳಿ ಮೇಲೇಳುವ ತನಕ ನೋಡುತ್ತಾ ನಿಂತರು. ಆಮೇಲೆ ಬಿಪಿ ನೋಡಿದರು.

"ನಾಳೆಯಿಂದ ಕಾಲೇಜು ಬೇಡ ಮೇಡಂ. ಮಾತ್ರೆ ಕೊಡ್ತೀನಿ, ಮನೇಲಿ ಮಲಗಿ. ಎಡಗಡೆ ತಿರುಗಿ ಮಲಗಿ, ಮಗೂಗೆ ರಕ್ತ ಚೆನ್ನಾಗಿ ಹೋಗುತ್ತೆ. ಬೆಳಿಗ್ಗೆ ಸಂಜೆ ಬಿಪಿ ನೋಡಿ ಬರೆದಿಡಿ. ಕುರ್ಚೀಲಿ ಕೂತು, ಕೈ ಮೇಜಿನ ಮೇಲಿಟ್ಟು ನೋಡ್ಬೇಕು. ನೆನಪಿರ್ಲಿ, ಈ ಪ್ರೆಷರ್ ಏರ್ತಾ ಹೋದ್ರೆ ನಿಮಗೂ ಅಪಾಯ, ಮಗೂಗೂ ಅಪಾಯ."

ನನ್ನ ಗಂಡ ಮಂಜುನಾಥ ಅವತ್ತೇ ಒಂದು ಬಿಪಿ ಮೆಷಿನ್ನೂ ಒಂದು ದಪ್ಪ ನೋಟ್‌ಬುಕ್ಕೂ ತಂದರು. "ಇನ್ನೂರು ಪುಟ ಇದೆ, ಸಾಕಾ?" ಎಂದರು. ಅವರಿಗೆ ಗಾಬರಿಯಾದಾಗ ಹೀಗೆ ಬೇಡದ ಲೆಕ್ಕ ಕೇಳುವುದು ಅಭ್ಯಾಸ. ಮರುದಿನ ಬೆಳಿಗ್ಗೆ ಅವರು ಯಶವಂತಪುರದ ಸಾಗಣೆ ಕಂಪನಿಯ ಕೆಲಸಕ್ಕೆ ಹೋದರು, ನಾನು ಎಡಕ್ಕೆ ತಿರುಗಿ ಮಲಗಿದೆ. ಆ ಬೇಸಿಗೆಯ ಬಹುಪಾಲನ್ನು ನಾನು ನೋಡಿದ್ದು ಹೀಗೆ ಅಡ್ಡಡ್ಡವಾಗಿಯೇ.

ಕಿಟಕಿಯಾಚೆ ಒಂದು ಹೊಂಗೆ ಮರ. ಅದರ ಮೇಲೆ ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು ಒಂದರ ಹಿಂದೊಂದು ಚಕ್ರ ಬಿಚ್ಚಿಕೊಂಡು ಹೋಗುತ್ತಿದ್ದವು. ಹನ್ನೊಂದು ಗಂಟೆಯಾದರೆ ಬೀದಿಯ ಕುಕ್ಕರುಗಳೆಲ್ಲ ಒಂದೊಂದಾಗಿ ಕೂಗಲು ಶುರು. ಕೆಳಗಿನ ಮನೆಯ ಶಮೀಮಳ ಕುಕ್ಕರಿನದು ಉದ್ದನೆಯ ಸೀಟಿ. ಎದುರು ಮನೆಯದು ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ನೆಲಮಹಡಿಯಲ್ಲಿದ್ದ ಮನೆ ಒಡತಿ ಪಿಳ್ಳಮ್ಮನವರ ಅಡುಗೆಮನೆಯಿಂದ ಮಾತ್ರ ಸೀಟಿ ಬರುತ್ತಿರಲಿಲ್ಲ. "ಕುಕ್ಕರ್ ಅನ್ನ ಗಂಟ್ಲಲ್ಲಿ ಇಳಿಯಾಕಿಲ್ಲ ಟೀಚರಮ್ಮ," ಎನ್ನುತ್ತಿದ್ದರು ಅವರು. ಅವರದು ಕೆಂಪಾಪುರದ ಹಳೇ ಮನೆತನ. ನಾವು ಬಾಡಿಗೆಗಿದ್ದ ಮೂರು ಮಹಡಿ ಕಟ್ಟಡ ನಿಂತಿದ್ದ ಜಾಗದಲ್ಲಿ ಒಂದು ಕಾಲಕ್ಕೆ ಅವರೇ ಬೀನ್ಸ್ ಕಿತ್ತಿದ್ದರಂತೆ.

ಎಂಟು ವರ್ಷ ನಾನು ಬೋರ್ಡಿನ ಮೇಲೆ ಒತ್ತಡದ ಪಾಠ ಮಾಡಿದ್ದೆ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ, ಅದಕ್ಕೇ ಗುಂಡುಸೂಜಿಯ ಮೊನೆ ಚುಚ್ಚುತ್ತದೆ, ಆನೆಯ ಪಾದ ಮಣ್ಣಿನಲ್ಲಿ ಹೂತುಹೋಗುವುದಿಲ್ಲ ಎಂದೆಲ್ಲ ಹೇಳಿ, ಕೊನೆಗೆ, "ಹೆಬ್ಬಾಳ ಕೆರೆ ತಳದಲ್ಲಿ ಮೀನು ಓಡಾಡೋ ಹಾಗೆ ನಾವು ಗಾಳಿಯ ಕೆರೆ ತಳದಲ್ಲಿ ಓಡಾಡ್ತಿದ್ದೀವಿ, ಗೊತ್ತಾಗಲ್ಲ ಅಷ್ಟೇ," ಎಂದು ಮುಗಿಸುತ್ತಿದ್ದೆ. ಮಕ್ಕಳು ತಲೆಯ ಮೇಲೆ ಕೈಯಿಟ್ಟು ನೋಡಿಕೊಂಡು ನಗುತ್ತಿದ್ದರು. ಅಲ್ಲಿ ಮಲಗಿದಾಗ ನನಗೆ ಆ ಕೆರೆ ನಿಜವಾಗಿಯೇ ಕಂಡಿತು. ವಿಮಾನಗಳು ಅದರ ಮೇಲ್ಮೈಯಲ್ಲಿ ತೇಲುತ್ತಿದ್ದವು. ಹೊಂಗೆ ಹೂವು ಅದರೊಳಗೆ ನಿಧಾನವಾಗಿ ಮುಳುಗುತ್ತಾ ಕಿಟಕಿಯ ಸರಳಿಗೆ ತಾಗಿ ನಿಲ್ಲುತ್ತಿತ್ತು. ತಳದಲ್ಲಿ ನಾನು. ನನ್ನೊಳಗೆ ಇನ್ನೊಂದು ಪುಟ್ಟ ಕೆರೆ, ಅದರಲ್ಲಿ ಒಂದು ಜೀವ ಆಗಾಗ ಮಗ್ಗುಲು ಬದಲಿಸುತ್ತಿತ್ತು. ಎಚ್ಚರವೋ ನಿದ್ದೆಯೋ ತಿಳಿಯದೆ ಗಂಟೆಗಟ್ಟಲೆ ಹಾಗೇ ಇರುತ್ತಿದ್ದೆ. ಅಷ್ಟು ಹೆದರಿಕೆಯ ದಿನಗಳಲ್ಲಿ ಅಷ್ಟು ಸುಖವೂ ಇತ್ತೆಂದು ಹೇಳಿದರೆ ಯಾರೂ ನಂಬುವುದಿಲ್ಲ.

ಆ ಸುಖ ಕೆಡುತ್ತಿದ್ದದ್ದು ದಿನಕ್ಕೆರಡು ಸಲ, ಮೆಷಿನ್ ಮುಂದೆ ಕೂತಾಗ. ಮೊದಲ ಆರು ದಿನ ಡಾಕ್ಟರಮ್ಮ ಹೇಳಿದಂತೆಯೇ ಕುರ್ಚಿಯಲ್ಲಿ ಕೂತು ನೋಡಿದೆ. ನೂರ ನಲವತ್ತೆರಡು, ನೂರ ನಲವತ್ತಾರು, ಮತ್ತೆ ನೂರ ನಲವತ್ತಾರು. ನೋಟ್‌ಬುಕ್ಕಿನಲ್ಲಿ ಬರೆದು ಮುಗಿಯುವಷ್ಟರಲ್ಲಿ ಫೋನು. ಮಂಜುನಾಥ, "ಎಷ್ಟ್ ಬಂತು?" ಎನ್ನುವರು. ಮಾಕಳಿಯಿಂದ ಅಮ್ಮ, "ಎಷ್ಟಮ್ಮ ಇವತ್ತು?" ಎನ್ನುವಳು. ತುಮಕೂರಿನಿಂದ ಅತ್ತೆ, "ನಿನ್ನೆಗಿಂತ ಪರವಾಗಿಲ್ವಾ?" ಎನ್ನುವರು. ಶಮೀಮ ಗಂಜಿಯ ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಬಂದು, "ಮಿಸ್, ನಂಬರ್ ಏನ್ ಹೇಳ್ತು?" ಎನ್ನುವಳು. ಎಲ್ಲರದೂ ಪ್ರೀತಿಯೇ. ಆದರೆ ಸಂಖ್ಯೆ ಹೇಳಿದ ಮೇಲೆ ಆ ಕಡೆ ಒಂದು ಕ್ಷಣ ಮೌನವಾಗುತ್ತಿತ್ತಲ್ಲ, ಅದು ನನಗೆ ಸಹಿಸಲಾಗುತ್ತಿರಲಿಲ್ಲ. ಪ್ರತಿ ಸಲವೂ ನಪಾಸಾದ ಹಾಗೆ ಅನಿಸುತ್ತಿತ್ತು. ಫಿಸಿಕ್ಸಿನಲ್ಲಿ ಇದಕ್ಕೆ ಸೂತ್ರವಿಲ್ಲ. ನಾಲ್ಕು ಜನ ಪ್ರೀತಿಯಿಂದಲೇ ಒಂದು ಬಿಂದುವಿನ ಮೇಲೆ ಕೈಯಿಟ್ಟರೂ ಅಲ್ಲಿರುವವಳಿಗೆ ಉಸಿರು ಕಟ್ಟುತ್ತದೆ.

ಏಳನೆಯ ದಿನ ಸಂಜೆ ವಿಪರೀತ ಸೆಕೆ. ಕುರ್ಚಿಯ ತನಕ ಹೋಗಲು ಮನಸ್ಸಾಗಲಿಲ್ಲ. ಎಡಮಗ್ಗುಲಾಗಿ ಮಲಗಿದ್ದಂತೆಯೇ, ಮೇಲೆ ಇದ್ದ ಬಲತೋಳಿಗೆ ಪಟ್ಟಿ ಸುತ್ತಿ, ಕೈಯನ್ನು ಸೊಂಟದ ಮೇಲೆ ಚಾಚಿಕೊಂಡು ಗುಂಡಿ ಒತ್ತಿದೆ. ಪಟ್ಟಿ ಉಬ್ಬಿ, ತೋಳು ಬಿಗಿದು, ನಿಧಾನ ಸಡಿಲಾಯಿತು. 128/80.

ಎರಡು ಸಲ ನೋಡಿದೆ. ಮತ್ತೆ ಅದೇ. ಆನಂದಕ್ಕೆ ಅಳು ಬಂತು. ಮಂಜುನಾಥರಿಗೆ ನಾನೇ ಫೋನ್ ಮಾಡಿದೆ. ಅಮ್ಮ ಮಾಕಳಿಯಲ್ಲಿ ದೇವರಿಗೆ ದೀಪ ಹಚ್ಚಿದಳು. ಶಮೀಮ, "ಅಲ್ಹಂದುಲಿಲ್ಲಾ" ಎಂದು ನನ್ನ ಗಲ್ಲ ಹಿಡಿದು, ಅವತ್ತು ಗಂಜಿಯ ಬದಲು ಶಾವಿಗೆ ಪಾಯಸ ತಂದಳು. ಮರುದಿನದಿಂದ ಕುರ್ಚಿಯ ತಂಟೆಗೇ ಹೋಗಲಿಲ್ಲ, ಮಲಗಿಯೇ ನೋಡಿದೆ. ನೂರ ಇಪ್ಪತ್ತೆಂಟು, ನೂರ ಮೂವತ್ತು, ನೂರ ಇಪ್ಪತ್ತಾರು.

ಒಂದೇ ಒಂದು ಸಲ, ಏನೋ ಅನುಮಾನ ಬಂದು, ಎದ್ದು ಕುರ್ಚಿಯಲ್ಲಿ ಕೂತು ನೋಡಿದೆ. ನೂರೈವತ್ತು ಬಂತು. ಎದ್ದು ನಡೆದದ್ದಕ್ಕೆ ಹೀಗಾಯಿತು ಎಂದುಕೊಂಡೆ. ಮತ್ತೆ ಮಲಗಿ, ಕೈ ಮೇಲಿಟ್ಟು, ನೂರ ಮೂವತ್ತು ಬರುವ ತನಕ ಕಾದು ಅದನ್ನು ಬರೆದೆ.

ಇಲ್ಲಿ ವನಿತಾಳ ವಿಷಯ ಹೇಳಬೇಕು. ಅದೇ ಫೆಬ್ರವರಿಯಲ್ಲಿ ಕಾಲೇಜಿನ ಲ್ಯಾಬಿನಲ್ಲಿ ಲೋಲಕದ ಪ್ರಯೋಗ ನಡೆದಿತ್ತು. ದಾರದ ತುದಿಗೆ ಗುಂಡು ಕಟ್ಟಿ ತೂಗಿಸಿ, ಇಪ್ಪತ್ತು ತೂಗಾಟಕ್ಕೆ ಎಷ್ಟು ಸಮಯವಾಯಿತೆಂದು ನೋಡಿ, ಗುರುತ್ವದ ಬೆಲೆ ಕಂಡುಹಿಡಿಯಬೇಕು. ವನಿತಾಳ ರೆಕಾರ್ಡಿನಲ್ಲಿ ಉತ್ತರ ಕರಾರುವಾಕ್ಕಾಗಿ 9.8 ಬಂದಿತ್ತು. ತೊಂದರೆಯೆಂದರೆ ಅವಳ ಲೋಲಕದ ದಾರ ಅವತ್ತು ಹರಿದುಹೋಗಿ ಗುಂಡು ಮೇಜಿನ ಮೇಲೇ ಬಿದ್ದಿತ್ತು. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗುಗಳನ್ನು ಕೂರಿಸಿದ್ದಳು. ನಾನು ಇಡೀ ಕ್ಲಾಸಿನ ಮುಂದೆ ಆ ಪುಟಕ್ಕೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದಿದ್ದೆ.

"ಸರಿಯಾದ ಉತ್ತರ ಬರ್ಲಿ ಅಂತ ಮಿಸ್..." ಎಂದು ಅವಳು ಅತ್ತಿದ್ದಳು.

"ಬಂದಿದ್ದನ್ನ ಬರಿ. ಬರಬೇಕಾದ್ದನ್ನಲ್ಲ," ಎಂದಿದ್ದೆ. ಚೆನ್ನಾಗಿ ಹೇಳಿದೆ ಎಂದು ನನ್ನ ಬಗ್ಗೆ ನನಗೇ ಮೆಚ್ಚುಗೆಯೂ ಆಗಿತ್ತು.

ಹದಿನಾಲ್ಕನೇ ದಿನ ಡಾಕ್ಟರಮ್ಮನ ಬಳಿ ಹೋದೆವು. ಅಲ್ಲಿ ನೂರ ನಲವತ್ತೆಂಟು ಬಂತು. ಅವರು ಹುಬ್ಬು ಗಂಟಿಕ್ಕಿ, ನನ್ನ ನೋಟ್‌ಬುಕ್ ತಿರುವಿ, ನಿರಾಳವಾದರು. "ಮನೇಲಿ ಚೆನ್ನಾಗೇ ಇದೆಯಲ್ಲ. ಆಸ್ಪತ್ರೆ ಅಂದ್ರೆ ಕೆಲವರಿಗೆ ಏರುತ್ತೆ. ಫಿಸಿಕ್ಸ್ ಮೇಡಂ ರೀಡಿಂಗು, ನಂಬ್ತೀನಿ. ಮಾತ್ರೆ ಇಷ್ಟೇ ಇರ್ಲಿ. ತಲೆನೋವು ಬಂದ್ರೆ, ಕಣ್ಣು ಮಂಜಾದ್ರೆ ತಕ್ಷಣ ಬನ್ನಿ." ನಾನು ತಲೆಯಾಡಿಸಿದೆ. ಆ ನೂರೈವತ್ತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಏಪ್ರಿಲ್ ಬಂತು. ಹೊಂಗೆ ಹೂವು ಉದುರಿ ಮುಗಿದು ಎಲೆ ದಟ್ಟವಾಯಿತು. ಮಧ್ಯಾಹ್ನಗಳು ಇನ್ನೂ ಉದ್ದವಾದವು. ತಲೆ ಸಣ್ಣಗೆ ನೋಯುತ್ತಿತ್ತು. ಬಿಸಿಲಿಗೆ ಎಂದುಕೊಂಡೆ. ಕಿಟಕಿಯ ಬೆಳಕಿನ ಅಂಚಿನಲ್ಲಿ ಸಣ್ಣ ಸಣ್ಣ ಕಿಡಿಗಳು ಹಾರಾಡುತ್ತಿದ್ದವು, ನೋಡಲು ಚೆಂದವೇ ಇದ್ದವು. ಕನಸು ಎಲ್ಲಿ ಮುಗಿದು ಕಾಯಿಲೆ ಎಲ್ಲಿ ಶುರುವಾಯಿತೋ ಈಗಲೂ ನನಗೆ ಸರಿಯಾಗಿ ಗೊತ್ತಿಲ್ಲ. ಮಲಗಿ ನೋಡಿದ ಸಂಖ್ಯೆಯೂ ನೂರ ಮೂವತ್ತಾರು, ನೂರ ಮೂವತ್ತೆಂಟು ಎಂದು ಮೆಲ್ಲಗೆ ಹತ್ತುತ್ತಿತ್ತು. ನಾನು ಕೈಯನ್ನು ಇನ್ನಷ್ಟು ಹಗುರಾಗಿ, ಇನ್ನಷ್ಟು ಮೇಲಕ್ಕೆ, ದಿಂಬಿನ ಮೇಲೆ ಇಟ್ಟುಕೊಳ್ಳುವುದನ್ನು ಕಲಿತಿದ್ದೆ.

ನಮ್ಮ ಬೀದಿಗೆ ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ, ಮೂರೂವರೆ ಹೊತ್ತಿಗೆ. ಬೀದಿಯ ಕೊನೆಯ ಮನೆ ನಮ್ಮದು. ಬೇಸಿಗೆಯಲ್ಲಿ ಲೈನಿನಲ್ಲಿ ಬಲವೇ ಇರುತ್ತಿರಲಿಲ್ಲ. ಅದಕ್ಕೆ ಪಿಳ್ಳಮ್ಮನವರು ಗೇಟಿನ ಪಕ್ಕ ಸೊಂಟದಾಳದ ಗುಂಡಿ ತೋಡಿಸಿ, ಸಿಮೆಂಟು ಮೆತ್ತಿಸಿ, ನಲ್ಲಿಯನ್ನು ಅದರ ತಳಕ್ಕೆ ಇಳಿಸಿದ್ದರು. ರಸ್ತೆಯ ಮಟ್ಟದಲ್ಲಿ ಹನಿಯೂ ಬಾರದ ನೀರು ಗುಂಡಿಯ ತಳದಲ್ಲಿ ಬೆರಳು ಗಾತ್ರ ಬರುತ್ತಿತ್ತು. ಆ ಕಾಲಕ್ಕೆ ನಮ್ಮ ಬೀದಿಯಲ್ಲಿ ಇಂಥ ಗುಂಡಿ ಐದಾರು ಇದ್ದವು. ನೀರು ಬರುವ ಮುನ್ನ ನಲ್ಲಿ ಬುಸ್ಸೆಂದು ಗಾಳಿ ಬಿಡುವುದು ಎರಡನೇ ಮಹಡಿಗೂ ಕೇಳುತ್ತಿತ್ತು.

ಅವತ್ತು ಆ ಬುಸ್ಸಿನ ಸದ್ದಿಗೇ ನನಗೆ ಎಚ್ಚರವಾಯಿತು. ಆಕಾಶ ಕಪ್ಪಗಾಗಿತ್ತು, ಗಾಳಿ ನಿಂತುಹೋಗಿತ್ತು. ಹೇಗೂ ಎದ್ದೆನಲ್ಲ ಎಂದು ಬಲತೋಳಿಗೆ ಪಟ್ಟಿ ಸುತ್ತಿ, ಕೈಯನ್ನು ದಿಂಬಿನ ಮೇಲೇರಿಸಿ ಮೆಷಿನ್ನಿನ ಬಟನ್ ಒತ್ತಿದೆ. ಕೆಳಗೆ ಶಮೀಮ ನಲ್ಲಿಗೆ ಪೈಪು ಸಿಕ್ಕಿಸಿ, ಗುಂಡಿಗೆ ಇಳಿಯುವ ಬೇಸರಕ್ಕೆ, ಪೈಪಿನ ಬಾಯನ್ನು ಮೇಲಿದ್ದ ಡ್ರಮ್ಮಿನ ಅಂಚಿಗೆ ಎತ್ತಿ ಹಿಡಿದಿದ್ದಳೆಂದು ಕಾಣುತ್ತದೆ. ಪಿಳ್ಳಮ್ಮನವರ ಗಂಟಲು ಕೇಳಿತು.

"ಏನ್ ಶಮೀಮು, ನೀರು ಇಡಿಯಾಕ್ ಬಂದಿದ್ದೀಯೋ ಮೆರವಣಿಗೆ ಮಾಡಾಕೋ?"

"ಅಮ್ಮಾ, ಇವತ್ತು ನೀರೇ ಇಲ್ಲ. ನೋಡಿ, ಒಂದು ಹನಿನೂ ಬರ್ತಿಲ್ಲ!"

"ಲೈನಾಗೆ ನೀರವೆ ಕಣೆ. ನೀನು ಇಡ್ದಿರೋ ಜಾಗ ಸರಿಯಿಲ್ಲ. ಅಷ್ಟು ಮೇಲಕ್ಕೆ ಎತ್ತಿಡಿದ್ರೆ ಅದುಕ್ಕೆ ಪ್ರೆಸರ್ ಎಲ್ಲಿಂದ ಬತ್ತದೆ? ಇಳ್ಸು ಕೆಳಕ್ಕೆ, ಆಮ್ಯಾಕೆ ನೋಡು ಎಷ್ಟದೆ ಅಂತ."

ನನ್ನ ತೋಳಿನಲ್ಲಿ ಪಟ್ಟಿ ಬಿಗಿಯುತ್ತಿತ್ತು. ಕೆಳಗೆ ಬಿಂದಿಗೆಯನ್ನು ಗುಂಡಿಗೆ ಇಳಿಸಿದ ಸದ್ದು, ಆಮೇಲೆ ನೀರು ಧೋ ಎಂದು ಬಿದ್ದ ಸದ್ದು. ನಾನು ದಿಂಬಿನ ಮೇಲಿದ್ದ ನನ್ನ ಕೈಯನ್ನು ನೋಡಿದೆ. ಎದೆಗಿಂತ ಒಂದು ಗೇಣು ಮೇಲಿತ್ತು.

ಆಳಕ್ಕೆ ಇಳಿದಷ್ಟೂ ಒತ್ತಡ ಹೆಚ್ಚು, ಮೇಲೇರಿದಷ್ಟೂ ಕಡಿಮೆ. ನೀರಿಗೂ ಅಷ್ಟೇ, ರಕ್ತಕ್ಕೂ ಅಷ್ಟೇ. ಎಂಟು ವರ್ಷದಿಂದ ನಾನೇ ಹೇಳಿಕೊಟ್ಟ ಪಾಠ. ತೋಳು ಹೃದಯದ ಮಟ್ಟದಲ್ಲಿದ್ದರೆ ಮಾತ್ರ ಮೆಷಿನ್ ಹೇಳುವುದು ಹೃದಯದ ಮಾತು. ಅದಕ್ಕೇ ಕುರ್ಚಿ, ಅದಕ್ಕೇ ಮೇಜು. ಗೊತ್ತಿರಲಿಲ್ಲವೇ ನನಗೆ? ಗೊತ್ತಿತ್ತು. ಗೊತ್ತಿದ್ದದ್ದನ್ನು ಎಲ್ಲೋ ಮೂಲೆಯಲ್ಲಿ ಕೂರಿಸಿ, ಮಾತಾಡಬೇಡ ಎಂದು ಹೇಳಿದ್ದೆ. ಇಷ್ಟು ದಿನ ನಾನೂ ವನಿತಾಳಂತೆಯೇ, ಹರಿದ ದಾರವನ್ನು ಮುಚ್ಚಿಟ್ಟು, ಹೊಟ್ಟೆಯಲ್ಲಿದ್ದ ಮಗುವಿನ ವಿಷಯದಲ್ಲಿ 9.8 ಬರೆಯುತ್ತಿದ್ದೆ.

ಎದ್ದೆ. ಗೋಡೆ ಹಿಡಿದು ಕುರ್ಚಿಯ ತನಕ ಹೋದೆ. ಐದು ನಿಮಿಷ ಸುಮ್ಮನೆ ಕೂತು, ಕೈಯನ್ನು ಮೇಜಿನ ಮೇಲಿಟ್ಟು ನೋಡಿದೆ. 166/108. ಕಿಟಕಿಗೆ ಬಂದು ಕೂಗಿದೆ, "ಶಮೀಮ್, ನಯಾಜ್ ಭಾಯ್ ಮನೇಲಿದ್ದಾರಾ? ಆಟೋ ಬೇಕು!" ನನ್ನ ದನಿ ಕೇಳಿ ಅವಳು ಪೈಪನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಓಡಿಬಂದಳು. ಪಿಳ್ಳಮ್ಮನವರು ಗೇಟಿನ ಬಳಿ ನನ್ನ ತಲೆ ನೇವರಿಸಿ, "ಏನೂ ಆಗಾಕಿಲ್ಲ, ಓಗ್ಬಾ ಮಗ," ಎಂದರು. ಅವರ ಅಂಗೈ ಒದ್ದೆಯಾಗಿ ತಣ್ಣಗಿತ್ತು.

ಶಮೀಮಳ ಗಂಡ ನಯಾಜ್ ಭಾಯ್ ಎಂದೂ ಅಷ್ಟು ನಿಧಾನವಾಗಿ ಆಟೋ ಓಡಿಸಿದವರಲ್ಲ. ರಸ್ತೆಯ ಪ್ರತಿ ಹಂಪ್ ಬಂದಾಗಲೂ ಹಿಂದಕ್ಕೆ ತಿರುಗಿ, "ಬಹೆನ್, ಸರಿ ಇದ್ದೀರಾ?" ಎನ್ನುತ್ತಿದ್ದರು. ಹೆಬ್ಬಾಳದ ಫ್ಲೈಓವರ್ ಕೆಳಗೆ ಎಂದಿನಂತೆ ಗಾಡಿಗಳು ನಿಂತಿದ್ದವು. ಅಲ್ಲೇ ಮಳೆ ಶುರುವಾಯಿತು, ಆ ವರ್ಷದ ಮೊದಲ ಮಳೆ. ಆಟೋದ ಪರದೆಯ ಮೇಲೆ ದಪ್ಪ ಹನಿಗಳು ಬಿದ್ದವು, ಕಾದ ಡಾಂಬರಿನ ವಾಸನೆ ಎದ್ದಿತು. ನಾನು ಶಮೀಮಳ ಭುಜಕ್ಕೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗಿನ ಒಂದು ಒದೆತಕ್ಕೆ ಕಾಯುತ್ತಿದ್ದೆ. ಎರಡು ಸಿಗ್ನಲ್ ದಾಟಿದ ಮೇಲೆ ಒದೆಯಿತು. ಶಮೀಮಳ ಕೈಯನ್ನು ಎಳೆದು ಅಲ್ಲಿಟ್ಟೆ.

"ಬುಕ್ ತಂದಿದ್ದೀರಾ?" ಎಂದರು ಡಾಕ್ಟರಮ್ಮ, ಮೊದಲ ಇಂಜೆಕ್ಷನ್ ಕೊಡಿಸಿದ ಮೇಲೆ.

"ತಂದಿದ್ದೀನಿ. ಆದ್ರೆ ಆರು ದಿನ ಬಿಟ್ಟು ಮಿಕ್ಕಿದ್ದೆಲ್ಲ ಸುಳ್ಳು, ಡಾಕ್ಟ್ರೇ. ಮಲಗಿ, ಕೈ ಮೇಲಿಟ್ಟು ನೋಡಿದ್ದು."

"ತಪ್ಪಾಗಿದೆ ಅನ್ನಿ. ಸುಳ್ಳು ಅಂತ ಯಾಕಂತೀರಿ?"

"ಕೂತು ನೋಡ್ದಾಗ ನೂರೈವತ್ತು ಬಂದಿತ್ತು. ಅದನ್ನ ಬರೀಲಿಲ್ಲ. ನಿಮ್ಗೂ ಹೇಳ್ಲಿಲ್ಲ."

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಈಗ ಹೇಳಿದ್ರಲ್ಲ. ಇನ್ನೊಂದು ದಿನ ತಡ ಆಗಿದ್ರೆ ನನ್ಗೆ ಏನು ಮಾಡೋಕೂ ಆಗ್ತಿರ್ಲಿಲ್ಲ," ಎಂದು ಹೊರಗೆ ಹೋದರು. ನಾನು ಸಿಸ್ಟರ್ ಜೇಬಿನಲ್ಲಿದ್ದ ಕೆಂಪು ಪೆನ್ನು ಕೇಳಿ ತೆಗೆದುಕೊಂಡು, ಮಲಗಿದ್ದಲ್ಲೇ, ಆ ದಿನಗಳ ಪುಟಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಎಳೆದೆ. ಗೆರೆ ಸೊಟ್ಟಗಾಯಿತು.

ಮೂರನೇ ದಿನ ಬೆಳಿಗ್ಗೆ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಎರಡು ತಿಂಗಳು ಮೊದಲೇ ಬಂದ ಹೆಣ್ಣುಮಗು, ಒಂದು ಕಿಲೋ ಮುನ್ನೂರ ಎಂಬತ್ತು ಗ್ರಾಂ. ನನಗೆ ತೋರಿಸಿದ್ದು ಒಂದು ಕ್ಷಣ. ಆಮೇಲೆ ಗಾಜಿನ ಪೆಟ್ಟಿಗೆ, ಮೂಗಿಗೆ ಸಣ್ಣ ನಳಿಕೆ, ಅದರಲ್ಲಿ ಅಳೆದು ಬಿಡುವ ಗಾಳಿ. ಅವಳ ಶ್ವಾಸಕೋಶ ಮುದುಡಿಕೊಳ್ಳದಿರಲು ಎಷ್ಟು ಒತ್ತಡ ಬೇಕೋ ಅಷ್ಟೇ, ಒಂದು ಚೂರೂ ಹೆಚ್ಚಿಲ್ಲ. ಅಲ್ಲಿ ನಿಂತು ಅದನ್ನು ನೋಡುತ್ತಾ, ಒತ್ತಡವೆಂದರೆ ಹೊರೆ ಎಂದಷ್ಟೇ ತಿಳಿದಿದ್ದ ನನಗೆ ನಾಚಿಕೆಯಾಯಿತು. ಅವಳನ್ನು ಉಳಿಸಿಕೊಂಡಿದ್ದದ್ದೂ ಅದೇ.

ದಿನಾ ಬೆಳಿಗ್ಗೆ ಹತ್ತಕ್ಕೆ ತೂಕ. ಅದನ್ನು ನಾನು ಅದೇ ನೋಟ್‌ಬುಕ್ಕಿನಲ್ಲಿ, ಕೆಂಪು ಗೆರೆಯ ಮುಂದಿನ ಪುಟದಲ್ಲಿ ಬರೆಯಲು ಶುರು ಮಾಡಿದೆ. ಮೊದಲ ದಿನ 1380. ಎರಡನೇ ದಿನ 1350. ಮೂರನೇ ದಿನ 1330. ನಾಲ್ಕನೇ ದಿನ ಸಿಸ್ಟರ್ ಬಾಗಿಲು ಸ್ವಲ್ಪವೇ ತೆಗೆದು, "ಸಾವಿರದ ಮುನ್ನೂರ ಹತ್ತು. ಮೊದ್ಲು ಎಲ್ಲಾ ಮಕ್ಳೂ ಇಳೀತಾರಮ್ಮ," ಎಂದು ಮುಚ್ಚಿಕೊಂಡರು.

ಮಂಜುನಾಥ ನನ್ನ ಪಕ್ಕ ಬೆಂಚಿನ ಮೇಲೆ ಕೂತಿದ್ದರು. ನಾಲ್ಕು ದಿನದಿಂದ ಗಡ್ಡ ಕೆರೆದಿರಲಿಲ್ಲ. "ಇವತ್ತಿಂದು ಬರೀಬೇಡ ಬಿಡು," ಎಂದರು ಮೆಲ್ಲಗೆ. "ಏರಿದ ಮೇಲೆ ಬರೆಯೋಣ. ಅಮ್ಮ ಫೋನ್ ಮಾಡಿದ್ರೆ ನಿನ್ನೆಯಷ್ಟೇ ಅಂತೀನಿ."

ಅವರ ಕಣ್ಣು ನೋಡಿ ನನಗೆ ಅವರ ಮಾತು ಕೇಳಬೇಕೆನಿಸಿತು. ಅದೇ ಹಳೆಯ ಆಸೆ, ಅಷ್ಟೇ ಬಲವಾಗಿ ಬಂತು. ಹೊಲಿಗೆ ಹಾಕಿದ ಹೊಟ್ಟೆ ನೋಯುತ್ತಿತ್ತು. ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಆಮೇಲೆ ಬರೆದೆ: 1310. ಮಾಕಳಿಗೂ ತುಮಕೂರಿಗೂ ಅದನ್ನೇ ಹೇಳಿದೆ. ಆ ಕಡೆ ಮೌನವಾಯಿತು. ಆ ಮೌನವನ್ನು ಈ ಸಲ ಅವರ ಜೊತೆಗೇ ಕೂತು ಕಳೆದೆ.

"ಆಯ್ತು ಆಂಟಿ. ನೂರ ನಲವತ್ತೆಂಟಕ್ಕೆ ತೊಂಬತ್ತಾರು," ಎಂದಳು ಸಹಕಾರನಗರದ ನರ್ಸ್ ಹುಡುಗಿ, ಪಟ್ಟಿ ಬಿಚ್ಚುತ್ತಾ. ಆ ಬೇಸಿಗೆ ಬಂದ ಬಿಪಿ ನನ್ನನ್ನು ಪೂರ್ತಿ ಬಿಟ್ಟುಹೋಗಲೇ ಇಲ್ಲ. ಆಗಾಗ ಬಂದು ಬಾಗಿಲು ತಟ್ಟುತ್ತದೆ.

ಪಕ್ಕದ ಕುರ್ಚಿಯಲ್ಲಿ ಸ್ಕೂಲ್ ಯೂನಿಫಾರ್ಮಿನಲ್ಲೇ ಕೂತಿದ್ದ ಇಂಚರ, ಹಳೇ ನೋಟ್‌ಬುಕ್ ತೊಡೆಯ ಮೇಲೆ ಬಿಚ್ಚಿಕೊಂಡು, ಪೆನ್ನಿನ ಕ್ಯಾಪನ್ನು ಬಾಯಲ್ಲಿ ಕಚ್ಚಿದ್ದಳು. ಇನ್ನೂರು ಪುಟ ಇನ್ನೂ ಮುಗಿದಿಲ್ಲ. "ಅಮ್ಮಾ, ಜಾಸ್ತಿ ಆಯ್ತಲ್ಲ," ಎಂದಳು ಪಿಸುದನಿಯಲ್ಲಿ. "ಮೆಟ್ಲು ಹತ್ತಿದ್ದಕ್ಕೆ ಇರ್ಬೇಕು. ಇನ್ನೊಂದ್ಸಲ ನೋಡಿ, ಕಮ್ಮಿ ಬಂದ್ರೆ ಅದನ್ನ ಬರೀಲಾ? ಅಪ್ಪ ಕೇಳ್ತಾರೆ."

"ಬಂದಿದ್ದನ್ನ ಬರಿ ಪುಟ್ಟಿ."

ಅವಳು ನನ್ನ ಮುಖ ನೋಡಿದಳು. ಪುಟಗಳನ್ನು ಹಿಂದಕ್ಕೆ ತಿರುವುತ್ತಾ ಹೋಗಿ, ಸೊಟ್ಟ ಕೆಂಪು ಗೆರೆಯ ಮುಂದಿನ ಪುಟದಲ್ಲಿ ನಿಂತು, ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟಳು.

"ನಂದು ಸಾವಿರದ ಮುನ್ನೂರ ಹತ್ತಕ್ಕೆ ಇಳಿದಿದ್ದನ್ನೇ ಬರೆದಿದ್ದೀಯ," ಎಂದಳು. "ನಿಂದನ್ನ ಬಿಡ್ತೀನಾ?" ಮತ್ತೆ ಇವತ್ತಿನ ಪುಟಕ್ಕೆ ಬಂದು, ಗುಂಡನೆಯ ಅಂಕಿಗಳಲ್ಲಿ 148/96 ಎಂದು ಬರೆದಳು.